ಎಳೆಗೋಳಿಗಳ ಅಂಗಳಪ್ರವೇಶ

ಕೋಳಿಸಾಕಣೆಯನ್ನು ಕುರಿತು ಶೀತದೇಶಗಳಲ್ಲಿ ರಚಿತವಾದ ಪುಸ್ತಕಗಳನ್ನು ತೆರೆದು ನೋಡಿದರೆ, ಮರಿಗಳನ್ನು ಬೆಚ್ಚನೆಯ ಪೆಟ್ಟಿಗೆಯಿಂದ ಹೊರಗಿನ ಅಂಗಳಕ್ಕೆ ಬಿಡುವ ಪ್ರಕರಣವೆಲ್ಲವೂ ಚಳಿಯ ಚಿಂತೆಯಿಂದಲೇ ತುಂಬಿರುವುದು ಕಂಡುಬರುತ್ತದೆ. ಹಿಮ ಕರಗಿತೇ, ಇರುಳಿನ ಉಷ್ಣತೆ ಏರಿತೇ, ಮರಿಗಳ ಮೈಮೇಲಿನ ನವಿರು ಉದುರಿ ನಿಜವಾದ ಗರಿ ಮೂಡಿತೇ ಎಂಬ ಪ್ರಶ್ನೆಗಳಿಗೆ ಸಮಾಧಾನ ದೊರೆತ ಮೇಲೆಯೇ ಅಲ್ಲಿನ ಸಾಕಣೆದಾರನು ಬಾಗಿಲು ತೆರೆಯುತ್ತಾನೆ. ಅದೇ ಪುಸ್ತಕವನ್ನು ನಂಬಿಕೊಂಡು ಕೊಚ್ಚಿಯ ಪಳ್ಳುರುತ್ತಿಯಲ್ಲಿಯೋ ತಿರುವನಂತಪುರದ ಕುಡಪ್ಪನಕುನ್ನಿನಲ್ಲಿಯೋ ಐದು ಸೆಂಟ್ಸ್ ಹಿತ್ತಿಲಿನ ಮೂಲೆಯೊಂದರಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಹೊರಟವನು ಮಾತ್ರ ಕಾಯಬೇಕಾದ ಶತ್ರುವನ್ನು ಬಿಟ್ಟು ಇಲ್ಲದ ಶತ್ರುವಿಗಾಗಿ ಕಾದು ಕುಳಿತಂತಾಗುವುದು. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಅದನ್ನು ಇಳಿಸುತ್ತ ಬಂದರೆ ಐದನೆಯ ವಾರದ ವೇಳೆಗೆ 23 ಡಿಗ್ರಿ ಸಾಕಾಗುತ್ತದೆ. ಈ ಎರಡು ನಗರಗಳಲ್ಲಿ ಜನವರಿಯ ಮುಂಜಾವಿನಲ್ಲಿಯೂ ಪಾದರಸವು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗೆ ಇಳಿಯುವುದಿಲ್ಲ. ಅಂದಮೇಲೆ ಐದಾರು ವಾರ ತುಂಬಿ ಗರಿ ಕಟ್ಟಿದ ಮರಿಗೆ ಇಲ್ಲಿಯ ಗಾಳಿ ತಾನಾಗಿಯೇ ಹಿತವಾಗಿದೆ. ಅದನ್ನು ಕೊಲ್ಲುವುದು ತೇವ. ತೇವದಲ್ಲಿ ಹುಟ್ಟುವ ರೋಗ, ತೇವದಲ್ಲಿ ಕೊಳೆಯುವ ಆಹಾರ, ಮಳೆಯ ಮರೆಯಲ್ಲಿ ನುಸುಳಿ ಬರುವ ಬೇಟೆಗಾರ ಪ್ರಾಣಿ, ಇವು ಮೂರೂ ಸೇರಿಕೊಂಡು ಮಾಡುವ ನಷ್ಟದ ಮುಂದೆ ಚಳಿಯ ಮಾತೇ ಅಪ್ರಸ್ತುತ.

ಉಡುಪಿ, ಮಂಗಳೂರು, ಕಾಸರಗೋಡುಗಳಿಂದ ಉದ್ಯೋಗನಿಮಿತ್ತವಾಗಿ ಬಂದು ಇಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಿಗೆ ಮಳೆಯೇನೂ ಅಪರಿಚಿತವಲ್ಲವಾದ ಕಾರಣ, ಇದರಲ್ಲಿ ಹೊಸತೇನಿದೆ, ನಮ್ಮ ಅಜ್ಜಿಯಂದಿರು ಮಳೆಗಾಲದಲ್ಲಿ ಕೋಳಿ ಸಾಕಲಿಲ್ಲವೇ ಎಂದು ಕೇಳುವವರಿರಬಹುದು. ಸಾಕಿದರು ನಿಜ, ಆದರೆ ಸಾಕಿದವಳು ಅಜ್ಜಿಗಿಂತ ಮಿಗಿಲಾಗಿ ಹೇಂಟೆ. ಮರಿಗಳನ್ನು ರೆಕ್ಕೆಯಡಿಯಲ್ಲಿ ಕಾಪಾಡಿ, ಹಟ್ಟಿಯ ಒಣ ಮೂಲೆ ಯಾವುದೆಂದು ತೋರಿಸಿ, ಗಿಡುಗನ ನೆರಳು ಬಿದ್ದೊಡನೆ ಎಚ್ಚರಿಕೆಯ ಧ್ವನಿ ತೆಗೆದು, ಗೆದ್ದಲು ಇರುವಲ್ಲಿ ಕೆದಕುವುದನ್ನು ಕಲಿಸಿ, ಸಂಜೆಯಾಗುತ್ತಲೇ ಗೂಡಿಗೆ ನಡೆಸಿಕೊಂಡು ಹೋಗುತ್ತಿದ್ದ ಆ ತಾಯಿಗೆ ಅಜ್ಜಿಯು ಮಾಡುತ್ತಿದ್ದ ಸಹಾಯವೆಂದರೆ ರಾತ್ರಿ ಮಂಕರಿ ಕವುಚುವುದಷ್ಟೇ. ಇಂದು ನಾವು ಕೊಂಡುತರುವ ಮರಿಯಾದರೋ ಯಂತ್ರದ ಕಾವಿನಲ್ಲಿ ಒಡೆದು, ವಿದ್ಯುದ್ದೀಪದ ಕೆಳಗೆ ಬೆಳೆದು, ನೆಲವನ್ನೂ ಆಕಾಶವನ್ನೂ ಕಾಣದೆ ಬಂದ ತಬ್ಬಲಿ. ಹೇಂಟೆ ಕಲಿಸಬೇಕಾದ ಪಾಠಗಳನ್ನೆಲ್ಲ ಅದಕ್ಕೆ ಮನೆಯವರೇ, ಕೊಂಚ ಉಪಾಯದಿಂದಲೂ ಬಹಳ ತಾಳ್ಮೆಯಿಂದಲೂ, ಕಲಿಸಬೇಕಾಗುತ್ತದೆ.

ಇಂಥ ಮರಿಗಳು ಕೇರಳದಲ್ಲಿ ದೊರೆಯುವ ಬಗೆಯನ್ನು ಮೊದಲು ತಿಳಿದಿರುವುದು ಒಳ್ಳೆಯದು. ಒಂದು ದಿನದ ಮರಿಗಳನ್ನು ಕೊಂಡು, ಸುಮಾರು 45ರಿಂದ 60 ದಿನಗಳವರೆಗೆ ಬೆಳೆಸಿ, ಲಸಿಕೆ ಹಾಕಿಸಿ ಮನೆಮನೆಗಳಿಗೆ ಮಾರುವ ‘ಎಗ್ಗರ್ ನರ್ಸರಿ’ಗಳೆಂಬ ಸಾಕಣಾಗಾರಗಳಿಗೆ ಇಲ್ಲಿನ ಪಶುಸಂಗೋಪನಾ ಇಲಾಖೆಯು ಮಾನ್ಯತೆ ನೀಡಿದೆ, ತಿರುವನಂತಪುರದ ಕುಡಪ್ಪನಕುನ್ನಿನಲ್ಲಿಯೂ ಎರ್ನಾಕುಳಂ ಜಿಲ್ಲೆಯ ಕೂವಪ್ಪಡಿಯಲ್ಲಿಯೂ ಸರ್ಕಾರದ ಪ್ರಾದೇಶಿಕ ಕೋಳಿಸಾಕಣಾ ಕೇಂದ್ರಗಳಿವೆ, ತಿರುವನಂತಪುರದ ಪೇಟ್ಟದಲ್ಲಿ ಕಾರ್ಯಾಲಯವುಳ್ಳ ‘ಕೆಪ್ಕೊ’ ಎಂಬ ರಾಜ್ಯ ಕುಕ್ಕುಟಾಭಿವೃದ್ಧಿ ನಿಗಮವು ನಗರವಾಸಿಗಳಿಗಾಗಿ ಗೂಡು ಸಮೇತ ಕೋಳಿಗಳನ್ನು ಒದಗಿಸುವ ‘ನಗರಪ್ರಿಯ’ ಎಂಬ ಯೋಜನೆಯನ್ನು ಕೈಗೊಂಡದ್ದೂ ಉಂಟು. ತಳಿಗಳಲ್ಲಿ ತ್ರಿಶ್ಶೂರಿನ ಮಣ್ಣುತ್ತಿಯ ಪಶುವೈದ್ಯಕೀಯ ವಿದ್ವಾಂಸರು ರೂಪಿಸಿದ, ಕಂದುಬಣ್ಣದ ಮೊಟ್ಟೆಯಿಡುವ ಗ್ರಾಮಶ್ರೀಯು ಹಿತ್ತಿಲಿಗೆ ಹೇಳಿಮಾಡಿಸಿದಂತಿದೆ. ಕಪ್ಪುಗರಿಗಳ ಮೇಲೆ ನೀಲಿಯ ಹೊಳಪುಳ್ಳ ತಲಶ್ಶೇರಿ ಕೋಳಿಯು ಮಲಬಾರಿನ ಸ್ವಂತ ತಳಿ. ಮೊಟ್ಟೆ ಕಡಿಮೆಯಾದರೂ ಚುರುಕಿನಲ್ಲಿಯೂ ರೋಗಸಹಿಷ್ಣುತೆಯಲ್ಲಿಯೂ ಅದಕ್ಕೆ ಅದೇ ಸಾಟಿ. ಕರ್ನಾಟಕದವರಿಗೆ ಹೆಬ್ಬಾಳದ ಗಿರಿರಾಜನ ಮೇಲಿರುವ ಅಭಿಮಾನವನ್ನು ನಾನು ಬಲ್ಲೆನಾದರೂ, ಅಷ್ಟು ಭಾರದ ಕೋಳಿಗೆ ಕೊಚ್ಚಿಯ ಇಕ್ಕಟ್ಟಾದ ಹಿತ್ತಿಲು ಅನುಕೂಲವಲ್ಲವೆಂದೇ ನನ್ನ ಅಭಿಪ್ರಾಯ. ಯಾವ ತಳಿಯಾದರೂ ಸರಿ, ಕೊಳ್ಳುವಾಗ ಮಾರುವವನನ್ನು ಮೂರು ಮಾತು ಕೇಳದೆ ಬರಕೂಡದು: ಮರಿಗಳ ವಯಸ್ಸು ಎಷ್ಟು, ಇದುವರೆಗೆ ಯಾವ ಯಾವ ಲಸಿಕೆ ಆಗಿದೆ, ಯಾವ ಆಹಾರ ತಿನ್ನುತ್ತಿವೆ. ಒಂಟಿ ಮರಿಯನ್ನು ಎಂದಿಗೂ ತರಬಾರದು. ಜೊತೆಯಿಲ್ಲದ ಕೋಳಿ ಕೂಗಿಕೂಗಿಯೇ ಬಡವಾಗುತ್ತದೆ.

ಇನ್ನು ಅಂಗಳದ ವಿಚಾರ. ಕೊಚ್ಚಿಯ ನೆಲ ತಗ್ಗು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಆ ಊರಿನಲ್ಲಿ ಒಂದೆರಡು ಅಡಿ ಅಗೆದರೆ ನೀರು ಒಸರುವ ಹಿತ್ತಿಲುಗಳು ಎಷ್ಟೋ ಇವೆ. ಮಳೆ ನಿಂತಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ವೈಪಿನ್, ಇಡಕೊಚ್ಚಿ ಮುಂತಾದ ಹಿನ್ನೀರಿನ ಅಂಚುಗಳಲ್ಲಿ ‘ವೃಶ್ಚಿಕ ವೇಲಿಯೇಟ್ಟಂ’ ಎಂದು ಮಲಯಾಳಿಗಳು ಕರೆಯುವ ಉಬ್ಬರವು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಉಪ್ಪುನೀರನ್ನು ಅಂಗಳಕ್ಕೆ ನುಗ್ಗಿಸುತ್ತದೆ. ತಿರುವನಂತಪುರದಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆ; ಕೆಂಪುಕಲ್ಲಿನ ದಿಣ್ಣೆಗಳು ನೀರನ್ನು ಬೇಗ ಬಸಿಯುತ್ತವೆ; ಆದರೆ ಇಡವಪ್ಪಾತಿಯೆಂಬ ಜೂನ್ ತಿಂಗಳ ಮಳೆಯಷ್ಟೇ ಬಿರುಸಾಗಿ ಅಲ್ಲಿ ಅಕ್ಟೋಬರಿನ ತುಲಾವರ್ಷವೂ ಗುಡುಗು ಸಮೇತ ಬಂದೆರಗುವುದನ್ನು ಮರೆಯುವಂತಿಲ್ಲ. ಆದುದರಿಂದ ಕೊಚ್ಚಿಯವರು ರಾತ್ರಿಯ ಗೂಡನ್ನು ಕಂಬಗಳ ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ನಿಲ್ಲಿಸತಕ್ಕದ್ದು. ಹಗಲಿನ ಅಂಗಳಕ್ಕೆ ಮಣ್ಣು ತುಂಬಿಸಿ ಸುತ್ತಲ ನೆಲಕ್ಕಿಂತ ಎತ್ತರಿಸಿ, ಮೇಲೆ ಮರಳು ಹರಡಿ, ಒಂದು ಪಕ್ಕಕ್ಕೆ ಇಳಿಜಾರು ಕೊಟ್ಟು ಚರಂಡಿ ತೋಡತಕ್ಕದ್ದು. ತಿರುವನಂತಪುರದವರಿಗೆ ಇಳಿಜಾರು ಪ್ರಕೃತಿದತ್ತವಾಗಿಯೇ ಇರುವುದರಿಂದ ಮೇಲಿನಿಂದ ಹರಿದು ಬರುವ ನೀರನ್ನು ತಿರುಗಿಸುವ ಒಂದು ಕಾಲುವೆ ಸಾಕು. ಎರಡೂ ಊರಿನವರು ಅಂಗಳದ ಅರ್ಧ ಭಾಗಕ್ಕಾದರೂ ಗಟ್ಟಿಯಾದ ಮಾಡು ಹಾಕಿಸದೆ ಮರಿ ತರುವುದು ಅವಿವೇಕ. ಮಾಡಿನ ಕೆಳಗೆ ಭತ್ತದ ಹೊಟ್ಟನ್ನೋ ಗರಗಸದ ಹೊಟ್ಟನ್ನೋ ತೆಂಗಿನ ನಾರಿನ ಪುಡಿಯನ್ನೋ ಮೂರು ನಾಲ್ಕು ಅಂಗುಲ ಹಾಸಿ, ಎರಡು ದಿನಕ್ಕೊಮ್ಮೆ ಕೆದಕಿ, ಒದ್ದೆಯಾದ ಭಾಗವನ್ನು ತೆಗೆದೆಸೆದು ಒಣಹೊಟ್ಟು ತುಂಬಬೇಕು. ಹಿಡಿಯಲ್ಲಿ ಹಿಸುಕಿದಾಗ ಹೊಟ್ಟು ಮುದ್ದೆಗಟ್ಟಿದರೆ ಅದು ಬದಲಾಯಿಸುವ ಕಾಲ ಬಂದಿತೆಂಬುದರ ಸೂಚನೆ.

ಕೋಳಿಯೊಂದಕ್ಕೆ ಅಂಗಳದಲ್ಲಿ ಹತ್ತು ಚದರಡಿಯಾದರೂ, ಗೂಡಿನೊಳಗೆ ಎರಡು ಚದರಡಿಯಾದರೂ ಸ್ಥಳ ಬೇಕು. ಒಂದು ಸೆಂಟ್ ಎಂದರೆ ಸುಮಾರು 435 ಚದರಡಿಯಾದುದರಿಂದ ಐದು ಕೋಳಿಗಳ ಅಂಗಳಕ್ಕೆ ಒಂದು ಸೆಂಟಿನ ಎಂಟನೆಯ ಒಂದು ಪಾಲು ಸಾಕೆಂದಾಯಿತು. ನೆರಳಿಗಾಗಿ ಮರದ ಕೆಳಗೆ ಅಂಗಳ ಕಟ್ಟುವುದು ಉಚಿತವೇ; ಮಾರ್ಚಿಯಿಂದ ಮೇ ತಿಂಗಳವರೆಗಿನ ಧಗೆಯಲ್ಲಿ, ಬೆವರುವ ಗ್ರಂಥಿಗಳಿಲ್ಲದ ಕೋಳಿಯು ಕೊಕ್ಕು ತೆರೆದು ಏದುಸಿರು ಬಿಡುವುದನ್ನು ಕಂಡವರಿಗೆ ನೆರಳಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಮರ ತೆಂಗಾಗಿರಬಾರದು. ಕಾಯಿಯಾಗಲಿ ಒಣಗಿದ ಮಡಲಾಗಲಿ ಬಿದ್ದರೆ ಜಾಲರಿಯೂ ಉಳಿಯುವುದಿಲ್ಲ, ಕೆಳಗಿದ್ದ ಕೋಳಿಯೂ ಉಳಿಯುವುದಿಲ್ಲ. ಕೇರಳದ ಹಿತ್ತಿಲಿನಲ್ಲಿ ತೆಂಗಿಲ್ಲದ ಜಾಗ ಹುಡುಕುವುದು ಸುಲಭದ ಮಾತಲ್ಲವೆಂಬುದೇನೋ ದಿಟ. ಆದರೂ ಮಾವು, ಹಲಸು, ನುಗ್ಗೆಗಳ ಮಗ್ಗುಲು ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಬೇಟೆಗಾರ ಪ್ರಾಣಿಗಳ ವಿಚಾರದಲ್ಲಿ ನಗರವೆಂಬ ಧೈರ್ಯ ಸಲ್ಲದು. ಹಗಲಿನಲ್ಲಿ ಮುಂಗುಸಿ, ಕಾಗೆ, ಗಿಡುಗ. ಇರುಳಿನಲ್ಲಿ ಹಳೆಯ ಮನೆಗಳ ಅಟ್ಟದಲ್ಲಿ ವಾಸಿಸುವ ಮರಬೆಕ್ಕು, ಹೆಗ್ಗಣ, ಬೀದಿನಾಯಿ. ಹೊತ್ತು ಗೊತ್ತಿಲ್ಲದೆ ಬರುವ ಕೇರೆಹಾವು. ಅಂಗಡಿಗಳಲ್ಲಿ ‘ಕೋಳಿಬಲೆ’ಯೆಂದೇ ಮಾರುವ ಆರು ಮೂಲೆ ಕಣ್ಣಿನ ತೆಳುಜಾಲರಿಯು ಕೋಳಿಯನ್ನು ಒಳಗೆ ಹಿಡಿದಿಡುವುದೇ ಹೊರತು ನಾಯಿಯನ್ನು ಹೊರಗೆ ನಿಲ್ಲಿಸುವುದಿಲ್ಲ, ಅದರ ಕಣ್ಣಿನಲ್ಲಿ ಸಣ್ಣ ಹಾವು ಸಲೀಸಾಗಿ ನುಸುಳುತ್ತದೆ, ಮರಿಯ ಕತ್ತು ಹೊರಬಂದರೆ ಮುಂಗುಸಿಗೆ ಅಷ್ಟೇ ಸಾಕು. ಆದಕಾರಣ ನೆಲದಿಂದ ಎರಡಡಿಯವರೆಗಾದರೂ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಷ್ ಹಾಕಿ, ಅದರ ಕೆಳ ಅಂಚನ್ನು ಒಂದಡಿ ಆಳಕ್ಕೆ ಹೂಳಿ, ಮೇಲ್ಭಾಗವನ್ನೂ ಜಾಲರಿಯಿಂದ ಮುಚ್ಚತಕ್ಕದ್ದು. ಕಡಲಗಾಳಿಯ ಉಪ್ಪು ಈ ಎರಡೂ ಊರುಗಳಲ್ಲಿ ಕಬ್ಬಿಣವನ್ನು ತಿನ್ನುವ ವೇಗವನ್ನು ನೋಡಿದರೆ ಸತು ಲೇಪಿಸಿದ ತಂತಿಯನ್ನೇ ಕೊಳ್ಳಬೇಕು. ಅದನ್ನೂ ಪ್ರತಿವರ್ಷ ಮಳೆಗೆ ಮುನ್ನ ಬೆರಳಿನಿಂದ ಎಳೆದು ಪರೀಕ್ಷಿಸಬೇಕು. ಗೂಡಿನ ಬಾಗಿಲಿಗೆ ಬರಿಯ ಕೊಂಡಿ ಸಾಲದು, ಚಿಲಕ ಬೇಕು. ಹಾವು ಒಳಹೊಕ್ಕರೆ ದೊಣ್ಣೆ ಹುಡುಕುವ ಹಳೆಯ ವಾಡಿಕೆಯನ್ನು ಬಿಟ್ಟುಬಿಡಿ. ಕೇರೆಯನ್ನಾಗಲಿ ಮುಂಗುಸಿಯನ್ನಾಗಲಿ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕೇರಳದ ಅರಣ್ಯ ಇಲಾಖೆಯ ‘ಸರ್ಪ’ ಎಂಬ ಮೊಬೈಲ್ ಆ್ಯಪ್‌ನಲ್ಲಿ ತಿಳಿಸಿದರೆ ತರಬೇತಿ ಪಡೆದವರು ಬಂದು ಹಾವನ್ನು ಹಿಡಿದೊಯ್ಯುತ್ತಾರೆ.

ಮರಿಗಳು ಮನೆಗೆ ಬಂದ ದಿನ ಅಂಗಳಕ್ಕೆ ಬಿಡುವ ಉತ್ಸಾಹವನ್ನು, ಅದರಲ್ಲಿಯೂ ಮಕ್ಕಳ ಉತ್ಸಾಹವನ್ನು, ತಡೆಯಬೇಕು. ಮೊದಲ ಮೂರು ನಾಲ್ಕು ದಿನ ಅವು ರಾತ್ರಿಯ ಗೂಡಿನಲ್ಲಿಯೇ, ಆಹಾರ ನೀರುಗಳೊಡನೆ, ಹಗಲಿರುಳೂ ಇರಲಿ. ಇದೇ ತಮ್ಮ ಮನೆಯೆಂಬ ಭಾವನೆ ಅವುಗಳ ಪುಟ್ಟ ಮೆದುಳಿನಲ್ಲಿ ನೆಲೆಗೊಳ್ಳುವುದಕ್ಕೆ ಅಷ್ಟು ಕಾಲ ಬೇಕು. ಐದನೆಯ ದಿನ ಸಂಜೆ, ಕತ್ತಲಾಗುವುದಕ್ಕೆ ಒಂದು ಗಂಟೆ ಮುಂಚಿತವಾಗಿ ಬಾಗಿಲು ತೆರೆಯಿರಿ. ಅವಸರದಿಂದ ಹಿಡಿದು ಹೊರಗೆ ಹಾಕಬೇಡಿ. ಧೈರ್ಯವಂತ ಮರಿಯೊಂದು ಹೊಸ್ತಿಲಿನಲ್ಲಿ ನಿಂತು ಕತ್ತನ್ನು ಅತ್ತಿತ್ತ ಹೊರಳಿಸಿ, ಒಂದು ಹೆಜ್ಜೆ ಇಟ್ಟು, ಹಿಂದಕ್ಕೆ ಹೋಗಿ, ಮತ್ತೆ ಬರುವ ತನಕ ಕಾದಿರಿ. ಉಳಿದವು ಅದನ್ನು ಹಿಂಬಾಲಿಸುತ್ತವೆ. ಸಂಜೆಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ: ಬೆಳಕು ಕುಗ್ಗಿದೊಡನೆ ಆಸರೆ ಅರಸುವುದು ಕೋಳಿಯ ಜನ್ಮಸ್ವಭಾವವಾದುದರಿಂದ, ದೂರ ಹೋಗುವಷ್ಟು ಹೊತ್ತಿಲ್ಲದ ಮರಿಗಳು ತಾವು ಬಲ್ಲ ಒಂದೇ ಆಸರೆಗೆ ಹಿಂದಿರುಗುತ್ತವೆ. ಗೂಡಿನೊಳಗೆ ಮುಸ್ಸಂಜೆಯಲ್ಲಿ ಅರ್ಧ ಗಂಟೆ ಒಂದು ಸಣ್ಣ ದೀಪವಿಟ್ಟರೆ ಮತ್ತೂ ಸುಲಭ. ದಾರಿ ತಿಳಿಯದೆ ಹೊರಗೆ ಮೂಲೆಯಲ್ಲಿ ಗುಂಪುಗೂಡಿ ಕುಳಿತ ಮರಿಗಳನ್ನು ಅಟ್ಟಾಡಿಸದೆ, ಕತ್ತಲಾದ ಮೇಲೆ ಒಂದೊಂದಾಗಿ ಎತ್ತಿ ಒಳಗಿಡಬೇಕು. ಕೆಲವು ಸಂಜೆಗಳಲ್ಲಿ ಅವೇ ಕಲಿಯುತ್ತವೆ. ದಿನದಿನಕ್ಕೆ ಹೊರಗಿನ ಹೊತ್ತನ್ನು ಹೆಚ್ಚಿಸುತ್ತ, ಎರಡನೆಯ ವಾರದ ಕೊನೆಗೆ, ಹುಲ್ಲಿನ ಇಬ್ಬನಿ ಆರಿದಾಗಿನಿಂದ ಕತ್ತಲಾಗುವವರೆಗೆ ಬಿಡಬಹುದು. ಮಳೆ ಬಂದಾಗ ಮಾಡಿನ ಕೆಳಗೆ ಓಡಬೇಕೆಂಬುದು ತಾಯಿಯಿಲ್ಲದ ಮರಿಗೆ ತೋಚದಿರಬಹುದು. ಆಹಾರದ ಪಾತ್ರೆಯನ್ನು ಯಾವಾಗಲೂ ಮಾಡಿನ ಕೆಳಗೇ ಇಟ್ಟು, ಪಾತ್ರೆಯನ್ನು ತಟ್ಟಿ ಒಂದೇ ಬಗೆಯಲ್ಲಿ ಕರೆಯುವ ಅಭ್ಯಾಸ ಮಾಡಿದರೆ, ಮೊದಲ ಹನಿ ಬೀಳುವಷ್ಟರಲ್ಲಿ ಕರೆದು ಒಳಗೆ ತಂದುಕೊಳ್ಳಬಹುದು. ಕುಳಿತುಕೊಳ್ಳುವ ಅಡ್ಡಕೋಲನ್ನು ಆರಂಭದಲ್ಲಿ ಒಂದಡಿ ಎತ್ತರದಲ್ಲಿ ಕಟ್ಟಿ, ಬೆಳೆದಂತೆ ಏರಿಸಿರಿ. ಇದಿಷ್ಟಕ್ಕೂ ಹೊಂದುವ ಕಾಲವೆಂದರೆ ಡಿಸೆಂಬರಿನಿಂದ ಫೆಬ್ರವರಿ. ಜೂನಿನ ಮೊದಲ ಪಕ್ಷದಲ್ಲಿ ಎಳೆಗೋಳಿಗಳನ್ನು ಕೊಂಡುತರುವ ಸಾಹಸಕ್ಕೆ ನಾನಂತೂ ಯಾರನ್ನೂ ಪ್ರೇರೇಪಿಸಲಾರೆ.

ತೇವವೇ ಶತ್ರುವೆಂದು ಮೊದಲು ಹೇಳಿದ ಮಾತಿಗೆ ಮುಖ್ಯವಾದ ಆಧಾರ ರಕ್ತಭೇದಿ. ಐಮೀರಿಯ ಎಂಬ ಏಕಕೋಶ ಪರೋಪಜೀವಿಯಿಂದ ಬರುವ ಈ ರೋಗವು ಮೂರರಿಂದ ಆರು ವಾರಗಳ ಮರಿಗಳನ್ನು ವಿಶೇಷವಾಗಿ ಬಾಧಿಸುತ್ತದೆ. ರೋಗಿಯ ಹಿಕ್ಕೆಯೊಡನೆ ಹೊರಬೀಳುವ ಸೂಕ್ಷ್ಮಕೋಶಗಳು ಕೂಡಲೇ ಅಪಾಯಕಾರಿಗಳಲ್ಲ. ಅವು ಪಕ್ವವಾಗಿ ಸೋಂಕು ಹರಡುವ ಶಕ್ತಿ ಪಡೆಯುವುದಕ್ಕೆ ಗಾಳಿ, ತೇವ ಮತ್ತು 25ರಿಂದ 30 ಡಿಗ್ರಿಯ ಬಿಸುಪು ಒಂದೆರಡು ದಿನ ದೊರೆಯಬೇಕು. ಕೇರಳದ ಮಳೆಗಾಲವೆಂದರೆ ಇದೇ ಅಲ್ಲವೇ? ಒಣ ಹೊಟ್ಟಿನಲ್ಲಿ ಆ ಕೋಶಗಳು ಪಕ್ವವಾಗಲಾರವು; ಹಾಸನ್ನು ಒಣಗಿಸಿಡುವುದು ಔಷಧಕ್ಕಿಂತ ಮೇಲೆಂಬುದು ಇದರಿಂದಲೇ ಸಿದ್ಧ. ಇನ್ನೊಂದು ಸೂಕ್ಷ್ಮವಿದೆ: ಅಲ್ಪಪ್ರಮಾಣದಲ್ಲಿ ಸೋಂಕು ತಗಲಿದ ಮರಿಯು ಕ್ರಮೇಣ ಪ್ರತಿರೋಧಶಕ್ತಿಯನ್ನು ಗಳಿಸಿಕೊಳ್ಳುತ್ತದೆಯಾದುದರಿಂದ, ಮಣ್ಣನ್ನು ದಿನಕ್ಕಿಷ್ಟು ಎಂಬಂತೆ ಪರಿಚಯಿಸುವುದೇ ಕ್ಷೇಮ, ಗೂಡಿನಲ್ಲಿರುವಾಗಲೇ ಅಂಗಳದ ಹುಲ್ಲುಹೆಂಟೆಯೊಂದನ್ನು ಬೇರುಸಹಿತ ಕಿತ್ತು ಒಳಗಿಟ್ಟರೆ ಆ ಪರಿಚಯ ಪ್ರಾರಂಭವಾದಂತಾಗುತ್ತದೆ, ಕೆದಕುವ ಆಟವೂ ದೊರೆಯುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿ ಗರಿ ಕೆದರಿ ಕಣ್ಣುಮುಚ್ಚಿ ಮೂಲೆ ಹಿಡಿದರೆ, ನಾಳೆಗೆ ಕಾಯಬಾರದು. ಪಶುವೈದ್ಯರು ಸಾಮಾನ್ಯವಾಗಿ ಆಂಪ್ರೋಲಿಯಂ ಎಂಬ ಔಷಧವನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೊಡಲು ಹೇಳುತ್ತಾರೆ. ಪ್ರಮಾಣವನ್ನು ಅವರೇ ಹೇಳಲಿ, ಅಂಗಡಿಯವನು ಹೇಳುವುದು ಬೇಡ.

ಮನೆಯಲ್ಲಿ ಹಳೆಯ ಕೋಳಿಗಳಿದ್ದರೆ ಸಮಸ್ಯೆಗೆ ಮತ್ತೊಂದು ಮುಖ ಒದಗುತ್ತದೆ. ಕೋಳಿಗಳ ಸಮಾಜದಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬುದಕ್ಕೆ ಕಟ್ಟುನಿಟ್ಟಾದ ಶ್ರೇಣಿಯುಂಟೆಂಬುದನ್ನು ನಾರ್ವೆಯ ಶೆಲ್ಡರುಪ್-ಎಬ್ಬೆ ಎಂಬ ಪಂಡಿತನು 1920ರ ದಶಕದ ಆರಂಭದಲ್ಲಿ ಶಾಸ್ತ್ರೀಯವಾಗಿ ವಿವರಿಸಿದನು. ಕೂಡುಕುಟುಂಬದಲ್ಲಿ ಬಾಳಿದ ನಮ್ಮ ಹೆಂಗಸರಿಗೆ ಅಂಥದೊಂದು ವ್ಯವಸ್ಥೆಯನ್ನು ತಿಳಿಯಲು ನಾರ್ವೆಯವರೆಗೆ ಹೋಗಬೇಕಾಗಿರಲಿಲ್ಲ. ಹೊಸ ಕೋಳಿಗಳನ್ನು ಎರಡು ಮೂರು ವಾರ ಬೇರೆಯಾಗಿಯೇ ಇಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಜಾಲರಿಯ ಆಚೀಚೆ ಒಂದನ್ನೊಂದು ಕಾಣುವಂತೆ ಮತ್ತೊಂದೆರಡು ವಾರ ಇರಿಸಿ, ಎಳೆಯವು ಗಾತ್ರದಲ್ಲಿ ಸಮೀಪಿಸಿದ ಬಳಿಕವೇ ಕೂಡಿಸತಕ್ಕದ್ದು. ಆಗಲೂ ಆಹಾರದ ಪಾತ್ರೆಗಳು ಎರಡು ಮೂರು ಕಡೆ ಇರಲಿ. ಓಡಿ ಅಡಗಲು ಒಂದು ಹಲಗೆಯ ಮರೆ ಇರಲಿ. ಸ್ವಲ್ಪ ಕುಕ್ಕಾಟ ಸಹಜ; ರಕ್ತ ಕಾಣಿಸಿದರೆ ಮಾತ್ರ ಕೂಡಲೇ ಬೇರ್ಪಡಿಸಬೇಕು, ಏಕೆಂದರೆ ಕೆಂಪನ್ನು ಕಂಡ ಕೋಳಿಗಳು ಅಲ್ಲಿಯೇ ಮತ್ತೆ ಮತ್ತೆ ಕುಕ್ಕುತ್ತವೆ.

ಆಹಾರದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಎಂಟು ವಾರದವರೆಗೆ ಸ್ಟಾರ್ಟರ್, ಅಲ್ಲಿಂದ ಹದಿನೆಂಟು ಇಪ್ಪತ್ತು ವಾರದವರೆಗೆ ಗ್ರೋವರ್. ಮೊಟ್ಟೆಯಿಡುವ ಕೋಳಿಯ ಲೇಯರ್ ಆಹಾರದಲ್ಲಿ ಸುಣ್ಣದ ಅಂಶ ಬಹಳ ಹೆಚ್ಚಾಗಿರುವುದರಿಂದ ಅದು ಎಳೆಯವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಒಂದೇ ವಾರದಲ್ಲಿ ಸ್ಥಳವನ್ನೂ ಆಹಾರವನ್ನೂ ಬದಲಿಸಕೂಡದು. ಮಳೆಗಾಲದಲ್ಲಿ ಮೂಟೆ ಕೊಳ್ಳದೆ ಹದಿನೈದು ದಿನಕ್ಕೆ ಸಾಲುವಷ್ಟೇ ಕೊಂಡು ಮುಚ್ಚಳದ ಡಬ್ಬಿಯಲ್ಲಿಡಿ. ಬೂಷ್ಟು ಹಿಡಿದ ಆಹಾರದ ವಿಷ ಮರಿಯ ಯಕೃತ್ತಿಗೆ ಮಾರಕ. ಕೇರಳದ ಅಡುಗೆಮನೆಯಲ್ಲಿ ನಿತ್ಯವೂ ಉಳಿಯುವ ಮರಗೆಣಸಿನ ಹಸಿ ಸಿಪ್ಪೆಯನ್ನು ಹಾಕಬಾರದು, ಅದರಲ್ಲಿ ಸಯನೈಡ್ ಉತ್ಪಾದಿಸುವ ದ್ರವ್ಯವಿದೆ. ಉಪ್ಪುಮೀನಿನ ತಲೆಯೂ ಬೇಡ. ಒಂದು ಅಗಲವಾದ ಬಾಣಲೆಯಲ್ಲಿ ಒಣ ಮರಳಿಗೆ ಒಲೆಯ ಬೂದಿ ಬೆರೆಸಿ ಮಾಡಿನ ಕೆಳಗಿಟ್ಟರೆ ಕೋಳಿಗಳು ಅದರಲ್ಲಿ ಹೊರಳಿ ಮೈಯ ಹೇನನ್ನು ಕಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಅವಕ್ಕೆ ಬೇರೆ ಒಣ ಧೂಳು ದೊರೆಯುವ ಸ್ಥಳವಿಲ್ಲ.

ಲಸಿಕೆಯ ಮಾತನ್ನು ಕೊನೆಗಿಟ್ಟುಕೊಂಡದ್ದು ಅದು ಗೌಣವೆಂದಲ್ಲ. ಕೊಕ್ಕರೆ ರೋಗವೆಂದು ನಾವು ಕರೆಯುವ, 1927ರಲ್ಲಿ ಕುಮಾವೂನಿನ ರಾಣಿಖೇತದಲ್ಲಿ ಗುರುತಿಸಲ್ಪಟ್ಟು ಆ ಊರಿನ ಹೆಸರನ್ನೇ ಹೊತ್ತ ವ್ಯಾಧಿಯು ಹಿತ್ತಿಲಿನ ಕೋಳಿಗಳನ್ನು ಒಂದು ವಾರದಲ್ಲಿ ನಿಶ್ಶೇಷ ಮಾಡಬಲ್ಲುದು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಸುವ ಲಸಿಕೆ, ನಾಲ್ಕನೆಯ ವಾರದ ಸುಮಾರಿಗೆ ಅದರ ಪುನರಾವೃತ್ತಿ, ಇವು ನರ್ಸರಿಯಲ್ಲಿಯೇ ಆಗಿರಬೇಕು. ಎಂಟನೆಯ ವಾರದ ಚುಚ್ಚುಮದ್ದು ಮಾತ್ರ ಬಹಳ ಸಲ ಕೊಂಡವರ ಪಾಲಿಗೆ ಬರುತ್ತದೆ, ಮತ್ತು ಬಹಳ ಸಲ ಅವರಿಗೆ ಮರೆತೂ ಹೋಗುತ್ತದೆ. ತಿರುವನಂತಪುರ ಜಿಲ್ಲೆಯ ಪಾಲೋಡಿನ ಜೈವಿಕ ಸಂಸ್ಥೆಯಲ್ಲಿ ರಾಜ್ಯಸರ್ಕಾರವೇ ಇಂಥ ಲಸಿಕೆಗಳನ್ನು ತಯಾರಿಸುತ್ತದೆ. ಒಂದು ಸೀಸೆಯಲ್ಲಿ ನೂರರಷ್ಟು ಕೋಳಿಗಳಿಗೆ ಸಾಲುವ ಮದ್ದಿರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಬಳಸದಿದ್ದರೆ ವ್ಯರ್ಥ. ಐದು ಕೋಳಿಯವನೊಬ್ಬನೇ ಹೋಗಿ ಕೇಳಿದರೆ ಪಶುವೈದ್ಯರು ಹಿಂದೆಮುಂದೆ ನೋಡುವುದು ಆಶ್ಚರ್ಯವಲ್ಲ. ಆದಕಾರಣ ಮರಿ ತರುವುದಕ್ಕೆ ಮೊದಲೇ ನೆರೆಹೊರೆಯ ಕೋಳಿಮನೆಗಳವರನ್ನು ಮಾತಾಡಿಸಿ ಒಂದು ದಿನ ಗೊತ್ತುಮಾಡಿಕೊಳ್ಳಿರಿ.

ಲಸಿಕೆಯಾದ ಕೋಳಿಗಳೂ ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಸಾಯತೊಡಗಿದರೆ ಅದನ್ನು ಮುಚ್ಚಿಡಬೇಡಿ, ಸತ್ತವನ್ನು ಹಿನ್ನೀರಿಗೋ ಚರಂಡಿಗೋ ಎಸೆಯಬೇಡಿ. 2014ರಲ್ಲಿ ಕುಟ್ಟನಾಡಿನ ಬಾತುಗಳಲ್ಲಿ ಕಾಣಿಸಿಕೊಂಡ ಹಕ್ಕಿಜ್ವರವು ಆಮೇಲೆಯೂ ಕೇರಳಕ್ಕೆ ಹಲವು ಬಾರಿ ಮರಳಿ ಬಂದಿದೆ. ಬರಿಗೈಯಿಂದ ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಉಳಿದ ಕೋಳಿಗಳನ್ನು ಗೂಡಿನಲ್ಲಿಯೇ ಮುಚ್ಚಿಟ್ಟು, ಅಂದೇ ಹತ್ತಿರದ ಸರ್ಕಾರಿ ಪಶುವೈದ್ಯಾಲಯಕ್ಕೆ ತಿಳಿಸಿರಿ.